ಹೂಂ ಎಂದವರ ಜಾಗ

ದೊಡ್ಡಯ್ಯ ಗುರುವನ್ನು ನೆನೆದು, ಕಥೆ ಎತ್ತಿಕೊಂಡು, ಮೂರು ನುಡಿ ಹೇಳಿ ಸುಮ್ಮನಾಗಿಬಿಟ್ಟರು. ತಂಬೂರಿ ಮಾತ್ರ ಮಿಡಿಯುತ್ತಿತ್ತು. ಗಾಜಿನ ಈಚೆ ಕಂಪ್ಯೂಟರ್ ಮುಂದೆ ಕುಳಿತಿದ್ದ ನಾನು ಮೈಕಿನ ವೈರ್ ಏನಾದರೂ ಸಡಿಲವಾಯಿತೇ ಎಂದು ನೋಡಿದೆ. ಎಲ್ಲವೂ ಸರಿಯಾಗಿತ್ತು. ಅವರ ಹೆಡ್‌ಫೋನಿಗೆ ಕೇಳುವಂತೆ "ಮುಂದಕ್ಕೆ ಹೇಳಿ ದೊಡ್ಡಯ್ಯ" ಎಂದೆ. ಕಿವಿಯೊಳಗೆ ದೆವ್ವ ಮಾತಾಡಿತೋ ಏನೋ ಎಂದು ಬೆಚ್ಚಿದ ಅವರು ಹೆಡ್‌ಫೋನ್ ಕಿತ್ತು ಚಾಪೆಯ ಮೇಲೆ ಎಸೆದರು. ಎದ್ದು ಹೋಗಿ ಬಾಗಿಲು ತೆಗೆದು ಏನಾಯಿತೆಂದು ಕೇಳಿದೆ.

"ಊಂ ಅನ್ನೋರ್ ಯಾರೂ ಇಲ್ವಲ್ಲಪ್ಪ" ಎಂದರು. "ಯಾರ್ಗೆ ಅಂತ ಯೋಳನ?"

ಕ್ಯಾಸೆಟ್ಟಿನ ಕಾಲಕ್ಕೆ ಎಳ್ಳುನೀರು ಬಿಟ್ಟಾಗಿತ್ತು. ಸಂತೆಮರಹಳ್ಳಿ ಸಂತೆಯಲ್ಲಿ ನೂರಾರು ಹಾಡು ತುಂಬಿದ ಎಂಪಿ3 ಸಿ.ಡಿ.ಗಳನ್ನು ಸೊಪ್ಪಿನ ಪಕ್ಕ ಹರವಿಕೊಂಡು ಮಾರುತ್ತಿದ್ದರು. ಚಾಮರಾಜನಗರದ ನನ್ನ ಸ್ಟುಡಿಯೊ ಭಕ್ತಿಗೀತೆಯ ಕ್ಯಾಸೆಟ್ಟುಗಳಿಂದ ಬದುಕಿದ್ದು, ಈಗ ಉಸಿರು ಬಿಗಿಹಿಡಿದು ಕೂತಿತ್ತು. ಸ್ಟುಡಿಯೊ ಎಂದರೆ ದೊಡ್ಡದೇನೂ ಅಲ್ಲ. ಮಹಡಿಯ ಮೇಲೊಂದು ಕೋಣೆ, ಸದ್ದು ಗುಂಯ್‌ಗುಡದಂತೆ ಗೋಡೆಗೆ ಮೊಟ್ಟೆ ಟ್ರೇ, ಬಾಗಿಲಿಗೆ ಹಳೆಯ ರಗ್ಗು. ಅಂಥ ಹೊತ್ತಿನಲ್ಲಿ ಬೆಂಗಳೂರಿನ ಸಂಸ್ಥೆಯೊಂದರ ಮ್ಯಾನೇಜರ್ ಬಂದರು. ಹೊರದೇಶದ ಗಾಯಕರನ್ನು ಕರೆತಂದು ನಮ್ಮ ಜನಪದ ಹಾಡುಗಾರರ ಜೊತೆ ಕೂರಿಸಿ ಸಿ.ಡಿ. ಮಾಡುವುದು ಅವರ ಕೆಲಸ. ಈ ಸಲ ಫಿಲಿಪೀನ್ಸಿನ ಒಬ್ಬ ಗಾಯಕರು, ನಮ್ಮ ಕಡೆಯಿಂದ ತೆರಕಣಾಂಬಿ ಬಳಿಯ ತಂಬೂರಿ ದೊಡ್ಡಯ್ಯ ಮತ್ತು ಅವರ ಹಿಮ್ಮೇಳದ ಇಬ್ಬರು. ಒಬ್ಬೊಬ್ಬರಿಗೂ ಬೇರೆ ಬೇರೆ ಮೈಕು, ಬೇರೆ ಬೇರೆ ಟ್ರ್ಯಾಕು, ಎಲ್ಲರಿಗೂ ಹೆಡ್‌ಫೋನು. ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಬೀಳಬಾರದು. ರೆಕಾರ್ಡ್ ಆದದ್ದೆಲ್ಲ ಅವರೇ ತಂದಿದ್ದ ಹಾರ್ಡ್ ಡಿಸ್ಕಿಗೇ ಹೋಗಬೇಕು. ಇದು ಅವರ ಕರಾರು.

ಕರಾರು ಮಾಡಿದವರಿಗೆ ದೊಡ್ಡಯ್ಯನ ಕರಾರು ಗೊತ್ತಿರಲಿಲ್ಲ. ಅವರ ಗುರುಮನೆಯ ಪದ್ಧತಿಯಲ್ಲಿ ಕಥೆ ಹೇಳುವವರ ಎದುರಿಗೆ ಒಬ್ಬರು ಕುಳಿತು ನುಡಿ ನುಡಿಗೂ ಹೂಂ ಎನ್ನಬೇಕು. ಹಿಮ್ಮೇಳದವರು ಹೂಂ ಎಂದರೆ ನಡೆಯುವುದಿಲ್ಲ, ಅವರು ಹೇಳುವ ಕಡೆಯವರು. ಹೂಂ ಕೇಳುವ ಕಡೆಯಿಂದ ಬರಬೇಕು. ಕಥೆಯ ಒಂದೊಂದು ಭಾಗಕ್ಕೆ ಒಂದು ಸಾಲು ಎನ್ನುತ್ತಾರೆ. ಒಮ್ಮೆ ಹೂಂ ಎಂದವರು ಆ ಸಾಲು ಮುಗಿದು ಮಂಗಳ ಹಾಡುವವರೆಗೆ ಏಳುವ ಹಾಗಿಲ್ಲ, ಆ ಜಾಗಕ್ಕೆ ಬೇರೆಯವರು ಬಂದು ಕೂರುವ ಹಾಗೂ ಇಲ್ಲ. ನಡುವೆ ಎದ್ದರೆ ಕಥೆ ಕೆಟ್ಟಿತು, ಮತ್ತೆ ಗುರುವಿನಿಂದಲೇ ಶುರು.

ಇದನ್ನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಫಿಲಿಪೀನ್ಸಿನ ಗಾಯಕರಿಗೆ ಹೇಳಿದೆ. ಗಿಡ್ಡ ಆಳು, ಬೂದು ಜುಟ್ಟು, ಬಂದ ದಿನವೇ ಅಂಗಡಿ ಬೀದಿಯಲ್ಲಿ ಕೊಂಡ ಚೌಕಳಿ ಲುಂಗಿ. ಬೀದಿಯಲ್ಲಿ ನಡೆದರೆ ಜನ ಸ್ವೆಟರ್ ಮಾರುವ ಟಿಬೆಟಿನವರೆಂದುಕೊಂಡು ಬೆಲೆ ಕೇಳುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಅವರು ಬಾಯ್ತುಂಬ ನಕ್ಕರು. "ಅದು ನನ್ನಿಂದ ಆಗುತ್ತದೆ" ಎಂದು ಗಿಟಾರ್ ಎತ್ತಿಕೊಂಡು ಒಳಗೆ ಹೋಗಿ ದೊಡ್ಡಯ್ಯನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕುಳಿತರು. ತಂಬೂರಿಯನ್ನು ಗಿಟಾರಿಗೆ ಸರಿಮಾಡಿ ಎನ್ನಲಿಲ್ಲ, ತಮ್ಮ ಗಿಟಾರಿನ ತಂತಿಗಳನ್ನೇ ಒಂದೊಂದಾಗಿ ಇಳಿಸಿ ತಂಬೂರಿಯ ಶ್ರುತಿಗೆ ಕೂರಿಸಿದರು. ದೊಡ್ಡಯ್ಯ ಅದನ್ನು ಓರೆಗಣ್ಣಲ್ಲಿ ನೋಡುತ್ತಿದ್ದರು.

ಕಥೆ ಮತ್ತೆ ಎದ್ದಿತು. ಮೊದಲ ನುಡಿ ಬಿತ್ತು. "ಹೂಂ" ಎಂದರು ಅವರು. ದೊಡ್ಡಯ್ಯನ ಮುಖ ಅರಳಿತು.

ನಾನು ಹಿಗ್ಗಿಹೋದೆ. ಮ್ಯಾನೇಜರ್ ನನ್ನ ಪಕ್ಕದಲ್ಲೇ ಕುಳಿತು ಮುಖ ಗಂಟಿಕ್ಕಿದರು. "ನೋಡಿ, ಕ್ಲೈಂಟ್‌ಗೆ ಕ್ಲೀನ್ ಟ್ರ್ಯಾಕ್ಸ್ ಬೇಕು. ಈ ಹೂಂ ಹೂಂ ಎಲ್ಲಾ ಮೈಕಲ್ಲೂ ಬಂದು ಕೂತಿದೆ. ಅವ್ರನ್ನ ಕರ್ಸಿರೋದು ಹಾಡೋಕೆ. ಹೂಂ ಅನ್ನೋಕೆ ಇಲ್ಲೇ ಯಾರನ್ನಾದ್ರೂ ಕೂರ್ಸಿ."

"ಹೂಂ ಇಲ್ಲದೆ ಕಥೆ ನಡೆಯಲ್ಲ ಸಾರ್."

"ಫೋಟೊ ಒಂದು ಬೇಕಿತ್ತು, ಈಚೆ ಕರೀರಿ" ಎಂದ ಮ್ಯಾನೇಜರ್, ನಾನು ತಡೆಯುವ ಮೊದಲೇ ತಾವೇ ಒಳಗೆ ನುಗ್ಗಿ ಗಾಯಕರನ್ನು ತೋಳು ಹಿಡಿದು ಎಬ್ಬಿಸಿದರು. ದೊಡ್ಡಯ್ಯ ನುಡಿಯನ್ನು ಅರ್ಧಕ್ಕೆ ನುಂಗಿಕೊಂಡು ತಂಬೂರಿಯನ್ನು ಗೋಡೆಗೆ ಒರಗಿಸಿ, ಎಲೆ ಅಡಿಕೆ ಚೀಲ ಬಿಚ್ಚಿದರು. ಆ ಹೊತ್ತಿಗೆ ಕರೆಂಟೂ ಹೋಯಿತು. ನಾನು ತಲೆ ಚಚ್ಚಿಕೊಂಡೆ.

"ನಡೂಕ್ ಎಬ್ಬುಸ್ಬಾರ್ದು ಕಣಪ್ಪ" ಎಂದರು ದೊಡ್ಡಯ್ಯ, ನನಗೆ ಮಾತ್ರ ಕೇಳುವ ಹಾಗೆ. "ಉಣ್ಣಕ್ ಕುಂತೋರ್ನ ಎಲೆ ಮುಂದಿಂದ ಎಬ್ಬುಸ್ತಾರಾ ಯಾರಾರ?"

ಮರುದಿನ ಮ್ಯಾನೇಜರ್ ಪಟ್ಟು ಹಿಡಿದು ಗಾಯಕರ ಹಾಡನ್ನೇ ಮೊದಲು ಇಟ್ಟುಕೊಂಡರು. ಅವರ ನಾಡಿನಲ್ಲಿ ಮನೆಮನೆಗೂ ಗೊತ್ತಿದ್ದ ಒಂದು ಹಾಡು. ಗಿಟಾರ್ ಸೊಗಸಾಗಿ ಬಂತು. ದನಿ ಎತ್ತಿದರೆ ಮೊದಲ ಸಾಲಿನಲ್ಲೇ ಒಡೆಯಿತು. ನೀರು ಕುಡಿದು ಮತ್ತೆ ಎತ್ತಿದರು, ಮತ್ತೆ ಒಡೆಯಿತು. ಮೂರನೆಯ ಸಲ ಕೆಮ್ಮು ಬಂದು ನಿಲ್ಲಲೇ ಇಲ್ಲ. ಪ್ರಯಾಣದ ಆಯಾಸ, ಧೂಳು ಎಂದು ಮ್ಯಾನೇಜರ್ ತಾವೇ ತೀರ್ಮಾನಿಸಿ, ಶನಿವಾರ ಭಾನುವಾರ ವಿಶ್ರಾಂತಿ ಕೊಡಿ, ಸೋಮವಾರ ಬರುತ್ತೇನೆ ಎಂದು ಬೆಂಗಳೂರಿಗೆ ಹೊರಟುಹೋದರು.

ಸಂಜೆ ಗಾಯಕರನ್ನು ಲಾಡ್ಜಿಗೆ ಬಿಡಲು ನಡೆದುಹೋಗುವಾಗ ಅವರು ನಿಜ ಹೇಳಿದರು. ಧೂಳೂ ಅಲ್ಲ, ಆಯಾಸವೂ ಅಲ್ಲ. ಗಂಟಲಿನಲ್ಲಿ ಗಂಟು. ಊರಿಗೆ ಹೋದ ಕೂಡಲೇ ಆಪರೇಷನ್. ಆಮೇಲೆ ದನಿಯೇ ಇರುವುದಿಲ್ಲ, ಅದೂ ಬದುಕಿದರೆ. ಸಂಸ್ಥೆಗೆ ಹೇಳಿದರೆ ಟಿಕೆಟ್ ಕೊಡುವುದಿಲ್ಲವೆಂದು ಹೇಳಿರಲಿಲ್ಲ. ಅವರನ್ನು ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆ.

ಅವರ ಇಂಗ್ಲಿಷ್ ಅವರ ದ್ವೀಪದ್ದು, ನನ್ನದು ಚಾಮರಾಜನಗರದ್ದು, ಎರಡೂ ನಡುವೆ ಎಲ್ಲೋ ಸೇರುತ್ತಿದ್ದವು. ಹರೆಯದಲ್ಲಿ ಅವರು ಹೋಟೆಲುಗಳಲ್ಲಿ ಪರದೇಶದ ರಾಕ್ ಹಾಡುಗಳನ್ನು ಥೇಟ್ ಪರದೇಶದವರ ಹಾಗೇ ಹಾಡುತ್ತಿದ್ದರಂತೆ. ಒಂದು ಸಲ ಬೆಟ್ಟದ ಊರಿನಲ್ಲಿದ್ದ ಅಜ್ಜಿಯ ಮನೆಗೆ ಹೋದಾಗ ಭತ್ತ ಕೊಯ್ಯುವ ಹೆಂಗಸರು ಹಾಡುವುದನ್ನು ಕೇಳಿದರು. ಅಜ್ಜಿ ನುಡಿ ಎತ್ತಿದರೆ ಅದರ ತುದಿಯನ್ನು ಉಳಿದವರು ಹಿಡಿದು ಮುಗಿಸುತ್ತಿದ್ದರು. ಅಂದೇ ಹೋಟೆಲು ಬಿಟ್ಟರು. ಬಿದಿರಿನ ವಾದ್ಯ, ಗಿಟಾರು, ತಾಯಿನುಡಿ ಮೂರನ್ನೂ ಸೇರಿಸಿ ಹಾಡು ಕಟ್ಟಿದರು. ಸರ್ವಾಧಿಕಾರಿಯ ಕಾಲದಲ್ಲಿ ಆ ಹಾಡುಗಳನ್ನು ಜನ ಬೀದಿಯಲ್ಲಿ ಹಾಡಿದರು, ಇವರು ಜೈಲು ಕಂಡರು. ಅಜ್ಜಿ ಸತ್ತಾಗ ಇವರು ಜೈಲಿನಲ್ಲಿದ್ದರು. ಅಜ್ಜಿಯ ಒಂದು ಪದವನ್ನೂ ಯಾರೂ ಹಿಡಿದಿಟ್ಟಿರಲಿಲ್ಲ.

"ಈಗ ನಮ್ಮ ಮಕ್ಕಳಿಗೆ ನನ್ನ ಹೆಸರು ಹೇಳಿದರೆ ಸೋಪಿನ ನೆನಪು ಬರುತ್ತದೆ" ಎಂದರು. ಜೈಲಿಗೆ ಕಳಿಸಿದ ಅದೇ ಹಾಡಿನ ಹಕ್ಕನ್ನು ಕಂಪನಿಯವರು ಯಾರಿಂದಲೋ ಯಾರಿಗೋ ದಾಟಿಸಿ, ಕೊನೆಗೆ ಟಿ.ವಿ.ಯ ಸೋಪಿನ ಜಾಹೀರಾತಿನಲ್ಲಿ ಹೆಂಗಸೊಬ್ಬಳು ಆ ಹಾಡಿಗೆ ಮೈ ತೊಳೆದುಕೊಳ್ಳುತ್ತಿದ್ದಳಂತೆ. "ನಾನು ಸತ್ತ ಮೇಲೆ ಅದನ್ನೇ ಹಾಕುತ್ತಾರೆ. ನನ್ನ ಗಂಟಲಿನಲ್ಲಿ ಈಗ ಉಳಿದಿರುವುದು ಹೂಂ ಒಂದೇ. ಅಜ್ಜಿಗೆ ಹೇಳಬೇಕಾಗಿದ್ದ ಹೂಂ ಅದು. ಯಾರೂ ಅದನ್ನು ಕಿತ್ತು ಬಿಸಾಡಲು ಆಗದ ಹಾಗೆ ಹಿಡಿದಿಡುತ್ತೀಯಾ?"

ಆಗುತ್ತದೆ ಎಂದೆ. ನನ್ನ ಕಸುಬಿನ ಮೇಲೆ ನನಗೆ ಅಷ್ಟು ಭರವಸೆ. ಕರಾರು ಮುರಿಯುವುದೆಂದು ಆ ಬೆಂಚಿನ ಮೇಲೇ ನಿರ್ಧರಿಸಿದೆ.

ಬೇರೆ ಬೇರೆ ಟ್ರ್ಯಾಕು ಇದ್ದರೆ ತಾನೇ ಒಂದನ್ನು ತೆಗೆದು ಒಂದನ್ನು ಇಡುವುದು? ಎಲ್ಲರನ್ನೂ ಒಟ್ಟಿಗೆ ಕೂರಿಸಿ, ನಡುವೆ ಒಂದೇ ಸ್ಟ್ಯಾಂಡಿನ ಮೇಲೆ ಎರಡು ಮೈಕು ಇಟ್ಟುಬಿಟ್ಟರೆ ದನಿಗಳೆಲ್ಲ ಗಾಳಿಯಲ್ಲೇ ಬೆರೆತುಕೊಂಡು ಬರುತ್ತವೆ. ಸಾರಿಗೆ ಬಿದ್ದ ಉಪ್ಪನ್ನು ಯಾವ ಬೆಂಗಳೂರಿನವನು ಹೊರಗೆ ತೆಗೆದಾನು? ಸ್ಟುಡಿಯೊ ಇದಕ್ಕೆ ಚಿಕ್ಕದು. ದೊಡ್ಡಯ್ಯನ ಊರಿನಲ್ಲೇ ಒಂದು ಗೋದಾಮು ಇತ್ತು, ತುಂಬ ಹುರುಳಿ ಮೂಟೆ. ಮೂಟೆ ಪೇರಿಸಿದ ಕೋಣೆಯಲ್ಲಿ ಗುಂಯ್‌ಗುಡುವುದಿಲ್ಲ, ನನ್ನ ಮೊಟ್ಟೆ ಟ್ರೇಗಿಂತ ಎಷ್ಟೋ ಮೇಲು. ಭಾನುವಾರ ಬೆಳಿಗ್ಗೆ ಕಂಪ್ಯೂಟರು, ಮೈಕು, ಸಂಸ್ಥೆಯ ಹಾರ್ಡ್ ಡಿಸ್ಕು, ಮೈಕ್‌ಸೆಟ್ಟಿನವನಿಂದ ತಂದ ಇನ್ವರ್ಟರು ಎಲ್ಲವನ್ನೂ ಗೂಡ್ಸ್ ಆಟೊಗೆ ಹೇರಿ, ಹಾಸಿಗೆ ಸುತ್ತಿದ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ತೆರಕಣಾಂಬಿ ದಾರಿ ಹಿಡಿದೆವು. ಗಾಯಕರು ಹಿಂದೆ ಗಿಟಾರ್ ತಬ್ಬಿಕೊಂಡು ಚೆಂಡುಹೂವಿನ ಹೊಲ ನೋಡುತ್ತ ಕುಳಿತಿದ್ದರು.

ಅಲ್ಲಿಯೂ ಸುಲಭಕ್ಕೆ ಆಗಲಿಲ್ಲ. ಇನ್ವರ್ಟರಿನ ಗುಂಯ್ ಎರಡೂ ಮೈಕಿಗೆ ಹತ್ತಿತು. ಉದ್ದ ವೈರ್ ಎಳೆದು ಅದನ್ನು ಹೊರಗೆ ಕರು ಕಟ್ಟಿದ್ದ ಗೂಟದ ಹತ್ತಿರ ಇಟ್ಟೆ. ಪಕ್ಕದ ಮಿಲ್ ಓಡುತ್ತಿತ್ತು, ಅವರು ಊಟಕ್ಕೆ ನಿಲ್ಲಿಸುವವರೆಗೆ ಕಾದೆವು. ದೊಡ್ಡಯ್ಯನ ದನಿ ಜೋರು, ಗಾಯಕರದು ಪಿಸುಮಾತು. ಗುಂಡಿ ತಿರುಗಿಸಿ ಸರಿಮಾಡುವ ಹಾಗಿಲ್ಲ, ಎಲ್ಲವೂ ಒಂದೇ ಜೋಡಿ ಮೈಕಿನಲ್ಲಿ. ಮನುಷ್ಯರನ್ನೇ ಸರಿಸಬೇಕು. ದೊಡ್ಡಯ್ಯನನ್ನು ಒಂದು ಮೊಳ ಹಿಂದಕ್ಕೆ, ಗಾಯಕರನ್ನು ಮೈಕಿನ ಬುಡಕ್ಕೆ, ಹಿಮ್ಮೇಳದವರನ್ನು ಮೂಟೆಗೆ ಒರಗಿಸಿ, ಗಿಟಾರನ್ನು ಓರೆಯಾಗಿ ಕೂರಿಸಿದೆ. ಆಮೇಲೆ ನನ್ನ ಹಳೆಯ ಅಭ್ಯಾಸದಂತೆ ಕಥೆಗೆ ಮೊದಲು ಒಂದಿಷ್ಟು ಹೊತ್ತು ಬರೀ ತಂಬೂರಿಯನ್ನು ಹಿಡಿದಿಟ್ಟುಕೊಂಡೆ. ಯಾರೂ ಮಾತಾಡದ, ಶ್ರುತಿಯೊಂದೇ ಇರುವ ತುಣುಕು. ಎಲ್ಲಾದರೂ ತೇಪೆ ಹಾಕಬೇಕಾಗಿ ಬಂದರೆ ಇರಲಿ ಎಂದು ರೆಕಾರ್ಡಿಂಗಿನವರೆಲ್ಲ ತೆಗೆದುಕೊಳ್ಳುತ್ತೇವೆ. ಆ ತುಣುಕಿನಲ್ಲಿ ಹೊರಗಿನ ಕರುವಿನ ಕೊರಳ ಗಂಟೆ ಒಮ್ಮೆ ಅಲುಗಿತು. ಇನ್ನೊಮ್ಮೆ ತೆಗೆಯೋಣವೇ ಎಂದುಕೊಂಡೆ, ಇರಲಿ ಎಂದು ಬಿಟ್ಟೆ.

ದೊಡ್ಡಯ್ಯ ಅಂದು ಎತ್ತಿಕೊಂಡದ್ದು ಮಗನನ್ನು ಮಠಕ್ಕೆ ಒಪ್ಪಿಸಿ ಬರಿಗೈಯಲ್ಲಿ ಹಿಂದಿರುಗುವ ತಾಯಿಯ ಸಾಲು. ಗಾಯಕರಿಗೆ ಕನ್ನಡದ ಒಂದಕ್ಷರ ಬಾರದು. ಮೊದಮೊದಲು ಎಲ್ಲ ಹೂಂಗಳೂ ಒಂದೇ ಥರ ಇದ್ದವು. ತಾಯಿ ಮಠದ ಬಾಗಿಲಿಗೆ ಬರುವ ಹೊತ್ತಿಗೆ ಹೂಂ ಬದಲಾಗತೊಡಗಿತು. ಒಮ್ಮೆ ಕೇಳಿಯೂ ಕೇಳದಷ್ಟು, ಒಮ್ಮೆ ಆಮೇಲೆ ಎನ್ನುವಂತೆ. ಆ ತಾಯಿ ತಿರುಗಿ ನೋಡುವ ಕಡೆ ಹೂಂ ಬರಲೇ ಇಲ್ಲ, ದೊಡ್ಡಯ್ಯ ತಂಬೂರಿ ಮಿಡಿಯುತ್ತ ಕಾದರು, ತಡವಾಗಿ ಬಂತು. ಗಿಟಾರನ್ನು ಅವರು ಬೆರಳಿನ ಮಾಂಸದಿಂದ ಮುಟ್ಟಿಯೂ ಮುಟ್ಟದಂತೆ ನುಡಿಸುತ್ತಿದ್ದರು. ದೊಡ್ಡಯ್ಯ ಬೇರೆ ಕಡೆ ಹೇಳದೆ ಬಿಡುತ್ತಿದ್ದ ನುಡಿಗಳೆಲ್ಲ ಅಂದು ಹೊರಬಂದವು ಎಂದು ಹಿಮ್ಮೇಳದವರು ಆಮೇಲೆ ಹೇಳಿದರು. ಮಂಗಳ ಮುಗಿಯುವವರೆಗೆ ಗಾಯಕರು ಏಳಲಿಲ್ಲ. ಕೆಮ್ಮು ಬಂದಾಗ ಲುಂಗಿಯ ಅಂಚನ್ನು ಬಾಯಿಗೆ ತುರುಕಿಕೊಂಡರು. ನಾನು ಹೆಡ್‌ಫೋನ್ ಹಾಕಿಕೊಂಡೇ ಕಣ್ಣು ಒರೆಸಿಕೊಂಡೆ. ಕಸುಬಿಗೆ ಬಂದ ಮೇಲೆ ಅಂಥದ್ದನ್ನು ನಾನು ಹಿಡಿದಿರಲಿಲ್ಲ.

"ಭಾಸೆ ಬರ್ದೋರು ಇಷ್ಟ್ ಚೆಂದಾಗ್ ಕೇಳ್ತಾರೆ ಅಂದ್ರೆ!" ಎಂದು ದೊಡ್ಡಯ್ಯ ನನ್ನತ್ತ ತಿರುಗಿದರು. "ಕೇಳದೆಂಗೆ ಅಂತ ನಮ್ಮೋರ್ ನೋಡಿ ಕಲೀಬೇಕು ಕಣಪ್ಪ."

ಸೋಮವಾರ ಮ್ಯಾನೇಜರ್ ಬಂದು ಎರಡೇ ಟ್ರ್ಯಾಕು ನೋಡಿ ಕೆಂಡವಾದರು. ಕರೆಂಟ್ ಇರಲಿಲ್ಲ, ಯು.ಪಿ.ಎಸ್. ಕೈಕೊಟ್ಟಿತು ಎಂದು ಬಾಯಿಗೆ ಬಂದ ಸುಳ್ಳು ಹೇಳಿದೆ. ಗಾಯಕರೇ ನಡುವೆ ಬಂದು, ಇದೇ ತಮ್ಮ ರೆಕಾರ್ಡು, ಇದರಲ್ಲಿರುವುದೇ ತಮ್ಮ ದನಿ, ಬೇರೆ ಹಾಡುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಗಂಟಲಿನ ವಿಷಯವನ್ನೂ ಹೇಳಿಬಿಟ್ಟರು. ಮ್ಯಾನೇಜರ್ ತಲೆಯಾಡಿಸಿದರು, "ಆಫ್‌ಕೋರ್ಸ್, ಆಫ್‌ಕೋರ್ಸ್" ಎಂದರು. ಹಾರ್ಡ್ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡರು. ನನ್ನ ಹಳೆಯ ಕಂಪ್ಯೂಟರಿನಲ್ಲಿ ಅಷ್ಟು ಉದ್ದದ ರೆಕಾರ್ಡಿಂಗಿಗೆ ಜಾಗವಿರಲಿಲ್ಲ. ಒಂದು ಕಾಪಿ ಕಳಿಸಿಕೊಡಿ ಎಂದು ಕೇಳಿದೆ. ಅದಕ್ಕೂ ಆಫ್‌ಕೋರ್ಸ್ ಎಂದರು.

ಮಳೆಗಾಲ ಮುಗಿಯುವ ಮೊದಲೇ ಗಾಯಕರು ತೀರಿಕೊಂಡ ಸುದ್ದಿ ಇ-ಮೇಲಿನಲ್ಲಿ ಬಂತು. ಆಪರೇಷನ್ ಆಗಿ ದನಿ ಹೋಗಿ, ಆಮೇಲೆ ಜೀವವೂ ಹೋಗಿತ್ತು. ಕೊನೆಯ ವಾರಗಳಲ್ಲಿ ಒಂದು ಮಾತೂ ಆಡಲಾಗಲಿಲ್ಲವಂತೆ. ಹಾಗಾದರೆ ಅವರ ದನಿ ಕೊನೆಯದಾಗಿ ಉಳಿದಿರುವುದು ನಮ್ಮ ಹುರುಳಿ ಗೋದಾಮಿನ ರೆಕಾರ್ಡಿನಲ್ಲಿ ಎಂದು ನಾನು ಲೆಕ್ಕ ಹಾಕಿಕೊಂಡೆ. ಕಾಪಿ ಬರಲಿಲ್ಲ. ಫೋನ್ ಮಾಡಿದರೆ ಮೀಟಿಂಗು.

ಮುಂದಿನ ವರ್ಷ ಸಿ.ಡಿ. ಬಂತು, ಕೊರಿಯರಿನಲ್ಲಿ ಎರಡು. ಮುಖಪುಟದಲ್ಲಿ ಅವರ ಹರೆಯದ ಚಿತ್ರ, ಮಹಾನ್ ಗಾಯಕನ ಪರಂಪರೆಗೆ ಗೌರವ ಎಂಬರ್ಥದ ಇಂಗ್ಲಿಷ್ ಮಾತು. ಮೊದಲ ಹಾಡು ಹಾಕಿದೆ. ಸೋಪಿನ ಹಾಡು. ಹಳೆಯ ಕ್ಯಾಸೆಟ್ಟಿನಿಂದ ಎತ್ತಿದ ಅವರ ದನಿ, ಅದರ ಅಡಿಯಲ್ಲಿ ದೊಡ್ಡಯ್ಯನ ತಂಬೂರಿ. ನನ್ನ ಆ ಬರೀ ಶ್ರುತಿಯ ತುಣುಕನ್ನೇ ಸುತ್ತಿ ಸುತ್ತಿ ಹಾಸಿದ್ದರು. ಉಳಿದ ಹಾಡುಗಳೂ ಹಾಗೆಯೇ. ಕೊನೆಯಲ್ಲಿ ದೊಡ್ಡಯ್ಯನ ಕಥೆ ಒಂದಿಷ್ಟು.

ಕಥೆಯಲ್ಲಿ ಹೂಂ ಇರಲಿಲ್ಲ. ನುಡಿ ಮುಗಿದ ಕಡೆಯಲ್ಲೆಲ್ಲ ತಂಬೂರಿ, ಮೇಲೊಂದು ಗಂಟೆ. ಮುಂದಿನ ನುಡಿ, ತಂಬೂರಿ, ಅದೇ ಗಂಟೆ. ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಹೂಂ ಬರುವುದು ನುಡಿಯ ಮೇಲೆ ಅಲ್ಲ, ನುಡಿಗಳ ನಡುವೆ. ಅಲ್ಲಿ ಕತ್ತರಿ ಆಡಿಸಿ, ನಾನು ತೇಪೆಗೆಂದು ಜೋಪಾನವಾಗಿ ಹಿಡಿದಿಟ್ಟುಕೊಟ್ಟ ತುಣುಕನ್ನೇ ಅಂಟಿಸಿದ್ದರು. ಬೆಸೆದುಬಿಟ್ಟೆನೆಂದು ಬೀಗಿದ್ದ ನಾನೇ ಗಾಯಕರ ದನಿ ಒರೆಸುವುದಕ್ಕೆ ಬಟ್ಟೆಯನ್ನೂ ಕೊಟ್ಟು ಕಳಿಸಿದ್ದೆ. ಸಿಟ್ಟು ನೆತ್ತಿಗೇರಿ ಬೆಂಗಳೂರಿಗೆ ಫೋನ್ ಹಚ್ಚಿದೆ.

"ಓ, ಅದಾ? ಮಿಕ್ಸಿಂಗ್ ಹುಡುಗ ಯಾರೋ ಹಳ್ಳಿಯವ್ರು ಮಧ್ಯೆ ಮಾತಾಡ್ತಿದಾರೆ ಅಂದ್ಕೊಂಡು ಕ್ಲೀನ್ ಮಾಡ್ಬಿಟ್ಟ" ಎಂದರು ಮ್ಯಾನೇಜರ್.

"ಅದು ಅವರ ದನಿ ಸಾರ್. ನಿಮಗೆ ಹೇಳಿದ್ದರಲ್ಲ?"

"ಹೇಳಿದ್ರು. ಆದ್ರೆ ಫ್ಯಾನ್ಸ್ ಹೂಂ ಕೇಳೋಕೆ ಸಿ.ಡಿ. ತಗೋತಾರಾ ಹೇಳಿ?"

"ಮೂಲ ರೆಕಾರ್ಡಾದರೂ ಕೊಡಿ."

"ಆ ಡಿಸ್ಕ್ ಬೇರೆ ಪ್ರಾಜೆಕ್ಟ್‌ಗೆ ಬೇಕಿತ್ತು. ಅಳಿಸಿ ಆಯ್ತು."

ಬಾಯಿಗೆ ಬಂದದ್ದನ್ನು ಬೈದೆ. ಅಷ್ಟರಲ್ಲಿ ಅತ್ತ ಫೋನ್ ಇಟ್ಟಾಗಿತ್ತು.

ದೊಡ್ಡಯ್ಯನಿಗೆ ಹೇಳದೆ ಇರುವ ಹಾಗಿರಲಿಲ್ಲ. ಸಾವಿನ ಸುದ್ದಿಯನ್ನು ಆಗಲೇ ತಿಳಿಸಿದ್ದೆ, ಅವರು ಮೂರು ದಿನ ತಂಬೂರಿ ಮುಟ್ಟಿರಲಿಲ್ಲವೆಂದು ಮನೆಯವರು ಹೇಳಿದ್ದರು. ಸಿ.ಡಿ. ಮತ್ತು ಒಂದು ಸಣ್ಣ ಪ್ಲೇಯರ್ ಹಿಡಿದುಕೊಂಡು ಬಸ್ಸಿನಲ್ಲಿ ಹೋದೆ. ನನ್ನ ಮುಖ ನೋಡಿಯೇ ಏನೋ ಕೆಟ್ಟಿದೆ ಎಂದು ಅವರಿಗೆ ಗೊತ್ತಾಯಿತು. ಜಗುಲಿಯ ಮೇಲೆ ಕುಳಿತು, "ಆಕಪ್ಪ, ಆವಯ್ಯನ ದನಿ ಕೇಳನ" ಎಂದರು.

ಸೋಪಿನ ಹಾಡು, ಉಳಿದ ಹಾಡುಗಳನ್ನೆಲ್ಲ ದಾಟಿಸಿ ಕಥೆಗೇ ಬಂದೆ. ದೊಡ್ಡಯ್ಯ ತಮ್ಮ ಮೊದಲ ನುಡಿ ಕೇಳಿದರು. ಹೂಂ ಬರಬೇಕಾದಲ್ಲಿ ಕಿವಿಯನ್ನು ಪ್ಲೇಯರಿನ ಹತ್ತಿರ ತಂದರು. ಗಂಟೆ ಅಲುಗಿತು. ಎರಡನೆಯ ನುಡಿ, ಮತ್ತೆ ಬಾಗಿದರು, ಮತ್ತೆ ಗಂಟೆ. ಹಾಗೆ ನಾಲ್ಕಾರು ಸಲ ಆದ ಮೇಲೆ ನನ್ನತ್ತ ನೋಡಿದರು.

"ಏನಪ್ಪಾ ಇದು? ನನ್ ಕತೆಗೆ ಕರು ಊಂ ಅಂದದಾ?"

ನಡೆದದ್ದನ್ನು ಹೇಳಿದೆ. ಹೇಳುವಾಗ ನನ್ನ ದನಿಯೇ ನನಗೆ ಹೇಸಿಗೆಯಾಗುತ್ತಿತ್ತು. ಪ್ಲೇಯರಿನಲ್ಲಿ ತಾಯಿ ಮಠದ ದಾರಿ ಹಿಡಿದಿದ್ದಳು. ಒಂದು ನುಡಿ ಮುಗಿಯಿತು, ದೊಡ್ಡಯ್ಯ ಮತ್ತೆ ಬಾಗಿದರು. ನೋಡಲಾಗದೆ ನಾನೇ "ಹೂಂ" ಎಂದೆ.

ಅವರು ಕೈ ಎತ್ತಿ ತಡೆದರು. "ನೀನ್ ಸುಮ್ಕಿರಪ್ಪ. ಅದು ಆವಯ್ಯನ್ ಜಾಗ."

ತಾಯಿ ಮಠದ ಬಾಗಿಲಿಗೆ ಬಂದಳು, ಮಗನ ಕೈ ಬಿಟ್ಟಳು, ತಿರುಗಿದಳು. ಅಲ್ಲಿ ದೊಡ್ಡಯ್ಯನ ದನಿ ಸಣ್ಣಗಾಗುತ್ತ, ಸಣ್ಣಗಾಗುತ್ತ ಇಲ್ಲವಾಯಿತು. ಸಿ.ಡಿ. ತಿರುಗುವುದು ನಿಂತಿತು. ಅವರು ಇನ್ನೂ ಬಾಗಿಯೇ ಇದ್ದರು.

"ಮುಂದಕ್ಕೆ?"

"ಅಷ್ಟೇ ಹಾಕಿದ್ದಾರೆ ದೊಡ್ಡಯ್ಯ."

"ಮಂಗ್ಳ?"

ಇಲ್ಲ ಎಂದು ತಲೆಯಾಡಿಸಿದೆ. ದೊಡ್ಡಯ್ಯ ಎದುರಿಗೆ ಜಗುಲಿಯ ಖಾಲಿ ಜಾಗವನ್ನೇ ನೋಡಿದರು. ಅವರ ಕಣ್ಣಲ್ಲಿ ನೀರಿರಲಿಲ್ಲ, ಬರೀ ಸಿಟ್ಟಿತ್ತು.

"ಕೆಮ್ಮಿಗ್ ಬಾಯೊಳ್ಗೆ ಬಟ್ಟೆ ತುರುಕ್ಕಂಡು ಕುಂತಿದ್ರು ಕಣಪ್ಪ, ಸಾಲ್ ಕೆಡಬಾರ್ದು ಅಂತವ" ಎಂದರು. "ಅಂಥೋರ್ನ ನಡೂಕ್ ಎಬ್ಬುಸ್ಬುಟ್ರಲ್ಲ."